ಭುಜ ಮುಟ್ಟಿದ ಅಪರಾಧ

ಪೊಲೀಸರ ಮೇಲಿನ ದೂರುಗಳನ್ನು ವಿಚಾರಿಸುವ ನಾಗರಿಕ ಸಮಿತಿಯ ಅಧ್ಯಕ್ಷರಿಗೆ

ಮಾನ್ಯರೇ,

ನಿಮ್ಮ ಕಣ್ಣೆದುರಿನಲ್ಲೇ ವಯಸ್ಸಾದವರೊಬ್ಬರ ಹಲ್ಲು ಮುರಿದು ಬಿತ್ತು. ಅದು ರಕ್ತದ ಜೊತೆ ನೆಲಕ್ಕೆ ಬಿದ್ದು, ನಿಮ್ಮ ಮೇಜಿನ ಕೆಳಗೆ ಜಾರಿ, ನಿಮ್ಮ ಬೂಟಿನ ಹತ್ತಿರ ನಿಂತಿತು. ನೀವು ಕಾಲನ್ನು ಹಿಂದಕ್ಕೆ ಎಳೆದುಕೊಂಡಿರಿ. ಬೂಟಿಗೆ ಕಲೆ ಆಗಿದೆಯೇ ಎಂದು ಬಗ್ಗಿ ನೋಡಿಕೊಂಡಿರಿ. ಆಮೇಲೆ ತಲೆ ಎತ್ತಿದಾಗ ಕೊನೆಯ ಸಾಲಿನಲ್ಲಿ ಕೂತಿದ್ದ ನನ್ನ ಕಣ್ಣಿಗೆ ನಿಮ್ಮ ಕಣ್ಣು ಸಿಕ್ಕಿತು. ಹಾಗಾಗಿ ನೀವು ನೋಡಲಿಲ್ಲ ಎಂದು ನನ್ನ ಹತ್ತಿರ ಹೇಳಲಾರಿರಿ.

ಆ ಹಲ್ಲಿನ ಯಜಮಾನರು ನಮ್ಮ ಶೆಡ್ಡಿನ ಮೇಸ್ತ್ರಿ. ಇಂದು ಅವರು ಜೈಲಿನಲ್ಲಿದ್ದಾರೆ. ನಿಮ್ಮ ಸಮಿತಿಯ ಕೊಠಡಿಯಲ್ಲಿ, ನಿಮ್ಮ ಸಮ್ಮುಖದಲ್ಲಿ, ಪೊಲೀಸ್ ಅಧಿಕಾರಿಯ ಮೇಲೆ ಹಿಂದಿನಿಂದ ಹಲ್ಲೆ ಮಾಡಿದರು ಎಂಬುದು ಅವರ ಮೇಲಿರುವ ಆರೋಪ. ಅವರು ಹಲ್ಲೆ ಮಾಡಲಿಲ್ಲ. ನೀವು ‘ತೋರ್ಸಿ’ ಅಂದಿರಿ, ಅವರು ತೋರಿಸಿದರು. ಈ ಒಂದು ಮಾತನ್ನು ಹೇಳಬಲ್ಲವರು, ಹೇಳಿದರೆ ನ್ಯಾಯಾಲಯ ನಂಬಬಲ್ಲವರು ನೀವೊಬ್ಬರೇ. ನೀವು ಸುಮ್ಮನಿದ್ದೀರಿ. ಅದಕ್ಕೇ ಈ ಪತ್ರ. ನಿಮ್ಮ ಕಚೇರಿಗೆ ಕಳಿಸಿದ ಪತ್ರಗಳಿಗೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರವಷ್ಟೇ ಬಂದಿದ್ದರಿಂದ ಇದನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಓದಿದ್ದು ಪ್ರಾಥಮಿಕ ಶಾಲೆಯವರೆಗೆ. ಆಮೇಲಿನ ಓದೆಲ್ಲ ಹಳೆಯ ಪೇಪರುಗಳದ್ದು. ನಾನು ಪಾಲಿಶ್ ಮಾಡಿದ ಬಕೆಟ್ಟುಗಳನ್ನು ಗೀರು ಬೀಳದಂತೆ ಹಳೆ ಪೇಪರಿನಲ್ಲಿ ಸುತ್ತಿ ಕಳಿಸಬೇಕು. ಸುತ್ತುವ ಮೊದಲು ಓದುತ್ತೇನೆ. ನಿಮ್ಮ ಭಾವಚಿತ್ರ ನೋಡಿದ್ದೂ ಹಾಗೆಯೇ. ಸಮಿತಿಯ ಉದ್ಘಾಟನೆಯ ದಿನ ನೀವು ಕತ್ತರಿ ಹಿಡಿದು ನಿಂತಿದ್ದಿರಿ. ‘ಇನ್ನು ಮುಂದೆ ಪೊಲೀಸರ ಮೇಲೆ ಜನರ ಕಣ್ಣಿರುತ್ತದೆ’ ಎಂದು ಕೆಳಗೆ ಬರೆದಿತ್ತು. ಆ ಪುಟವನ್ನು ಬಕೆಟ್ಟಿಗೆ ಸುತ್ತಲು ಮನಸ್ಸಾಗದೆ ಮಡಿಸಿ ಮನೆಗೆ ತಂದೆ. ಈಗ ಯೋಚಿಸಿದರೆ ಬಕೆಟ್ಟಿಗೇ ಸುತ್ತಿದ್ದರೆ ಒಂದು ಬಕೆಟ್ಟಾದರೂ ಗೀರಿಲ್ಲದೆ ಉಳಿಯುತ್ತಿತ್ತು ಅನ್ನಿಸುತ್ತದೆ.

ನಮ್ಮ ಶೆಡ್ಡಿನಲ್ಲಿ ತಗಡಿನ ಬಕೆಟ್ಟು, ಡಬ್ಬ, ಟ್ರಂಕು ತಯಾರಾಗುತ್ತವೆ. ಒಂದು ಗೋಡೆಯ ಉದ್ದಕ್ಕೂ ತಗಡು ಕತ್ತರಿಸುವ ಮತ್ತು ಒತ್ತುವ ಯಂತ್ರಗಳು. ಇನ್ನೊಂದು ಕಡೆ ಸುತ್ತಿಗೆಯಿಂದ ಅಂಚು ಮಡಿಸುವವರು. ಬಾಗಿಲ ಬಳಿ ನನ್ನ ಪಾಲಿಶ್ ಚಕ್ರ. ಯಂತ್ರಗಳು ಶುರುವಾದರೆ ಕಿವಿಗೆ ಬಾಯಿ ಇಟ್ಟು ಕೂಗಿದರೂ ಕೇಳಿಸುವುದಿಲ್ಲ. ಕೆಲವು ವರ್ಷ ಅಲ್ಲಿ ದುಡಿದವರಿಗೆ ಯಂತ್ರ ನಿಂತ ಮೇಲೂ ಅಷ್ಟಾಗಿ ಕೇಳಿಸುವುದಿಲ್ಲ. ಹಾಗಾಗಿ ನಾವು ಒಬ್ಬರನ್ನೊಬ್ಬರು ಬಾಯಲ್ಲಿ ಕರೆಯುವುದಿಲ್ಲ. ಹಿಂದಿನಿಂದ ಬಂದು ಭುಜದ ಮೇಲೆ ಅಂಗೈ ಇಡುತ್ತೇವೆ. ಮೆಲ್ಲಗೆ ಇಟ್ಟರೆ ಊಟಕ್ಕೆ ಬಾ ಎಂದು. ಬಿಗಿಯಾಗಿ ಹಿಡಿದರೆ ಕೈ ತೆಗೆ ಎಂದು. ಹಿಡಿದು ಎಳೆದರೆ ಏಕೆಂದು ಯಾರೂ ಕೇಳುವುದಿಲ್ಲ, ಎಳೆದ ಕಡೆಗೆ ಬಂದುಬಿಡುತ್ತೇವೆ. ತಿರುಗಿ ನೋಡಿ ಕಾರಣ ಕೇಳುವಷ್ಟರಲ್ಲಿ ಬೆರಳು ಯಂತ್ರದ ಪಾಲಾಗಿರುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೇಸ್ತ್ರಿ ಯಂತ್ರ ತೋರಿಸುವ ಮೊದಲು ಕಲಿಸುವುದು ಇದನ್ನೇ. ‘ಇಲ್ಲಿಗೆ ಬರೋವಾಗ ಗಂಟಲು ಮನೇಲಿಟ್ಟು ಬಾರಪ್ಪ, ಕೈ ಮರೀಬೇಡ’ ಎನ್ನುತ್ತಾರೆ. ಅವರು ನಮಗೆ ಯಾರಿಗೂ ರಕ್ತಸಂಬಂಧಿಯಲ್ಲ, ಆದರೂ ಎಲ್ಲರಿಗೂ ದೊಡ್ಡಪ್ಪ.

ಒತ್ತುವ ಯಂತ್ರದಲ್ಲಿ ಕೆಲಸ ಮಾಡುವ ನನ್ನ ಅಣ್ಣನನ್ನು ಈ ಅಭ್ಯಾಸ ಮನೆಯಲ್ಲೂ ಬಿಡಲಿಲ್ಲ. ಒಲೆಯ ಮುಂದೆ ನಿಂತ ಅತ್ತಿಗೆಯ ಭುಜ ಮುಟ್ಟಿ ನೀರು ಕೇಳುತ್ತಿದ್ದ. ಅವಳು ಬೆಚ್ಚಿಬಿದ್ದು, ‘ಮನೇಲಾದ್ರೂ ಬಾಯಿಬಿಟ್ಟು ಕರೀರಿ, ಯಾವತ್ತೋ ಒಂದಿನ ಕುದಿಯೋ ಸಾರು ನಿಮ್ಮ ಮೇಲೇ ಬೀಳುತ್ತೆ’ ಎಂದು ಬೈಯುತ್ತಿದ್ದಳು. ಅಣ್ಣ ‘ಆಂ?’ ಎನ್ನುತ್ತಿದ್ದ. ನಿಜವಾಗಿ ಕೇಳಿಸದೆ ಹಾಗೆನ್ನುತ್ತಿದ್ದನೋ, ಬೇಕೆಂದೇ ಎನ್ನುತ್ತಿದ್ದನೋ ನಮಗೆ ತಿಳಿಯುತ್ತಿರಲಿಲ್ಲ. ಅವನ ‘ಆಂ?’ ಕೇಳಿ ನಾವು ನಗುತ್ತಿದ್ದೆವು. ಮಾನ್ಯರೇ, ಈ ಎರಡನ್ನು ದಯವಿಟ್ಟು ನೆನಪಿಡಿ. ಭುಜದ ಮೇಲಿನ ಕೈ ಮತ್ತು ಈ ‘ಆಂ?’. ನಿಮ್ಮ ಪೊಲೀಸರು ಅಣ್ಣನನ್ನು ಮುರಿದದ್ದು ಈ ಎರಡಕ್ಕಾಗಿ.

ಆ ದಿನ ಮಧ್ಯಾಹ್ನ ನಮ್ಮ ಓಣಿಯ ಬಾಯಲ್ಲಿ ಪೊಲೀಸರು ವಾಹನಗಳನ್ನು ತಡೆದು ತಪಾಸಣೆ ಮಾಡುತ್ತಿದ್ದರು. ಮೂವರಿದ್ದರು. ಒಬ್ಬ ಹೊಸಬ, ಇನ್ನೂ ಮೀಸೆ ಸರಿಯಾಗಿ ಬಾರದ ಪೇದೆ. ಇನ್ನಿಬ್ಬರು ಹಳಬರು, ಅವರಲ್ಲಿ ಒಬ್ಬನನ್ನು ಓಣಿಯವರೆಲ್ಲ ಮೀಸೆಯವನು ಎಂದೇ ಕರೆಯುತ್ತಾರೆ. ನಮ್ಮ ಶೆಡ್ಡಿಗೆ ತಗಡು ತಂದ ಲಾರಿ ಹಿಂದಕ್ಕೆ ಬರುತ್ತಿತ್ತು. ತಗಡಿನ ಹಾಳೆಗಳು ಲಾರಿಯ ಹಿಂಭಾಗದಿಂದ ಹೊರಗೆ ಚಾಚಿಕೊಂಡಿದ್ದವು. ಕತ್ತರಿಸದ ಹೊಸ ತಗಡಿನ ಅಂಚು ಹೇಗಿರುತ್ತದೆ ಎಂಬುದು ನಮ್ಮ ಕೈಗಳ ಮೇಲೆ ಬರೆದಿದೆ. ಹೊಸ ಪೇದೆ ಲಾರಿಗೆ ಬೆನ್ನು ಹಾಕಿ ಒಬ್ಬ ಬೈಕಿನವನ ಜೊತೆ ವಾದಿಸುತ್ತಿದ್ದ. ಅಂಚು ಅವನ ಕುತ್ತಿಗೆಯ ಮಟ್ಟಕ್ಕೇ ಬರುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ‘ಹೋ, ಹಿಂದೆ ನೋಡಿ’ ಎಂದು ಕೂಗುತ್ತಿದ್ದರು. ಶೆಡ್ಡಿನಿಂದ ಆಗಷ್ಟೇ ಹೊರಬಂದಿದ್ದ ಅಣ್ಣನಿಗೆ ಕೂಗು ಹೊಳೆಯಲೇ ಇಲ್ಲ. ಓಡಿಹೋಗಿ ಹಿಂದಿನಿಂದ ಪೇದೆಯ ಭುಜ ಹಿಡಿದು ಎಳೆದ. ತಗಡು ಆ ಪೇದೆ ನಿಂತಿದ್ದ ಜಾಗದ ಮೇಲೆ ಹಾದು ಹೋಗಿ ಗೋಡೆಯನ್ನು ಕೊರೆಯಿತು. ಗೋಡೆಯ ಮೇಲೆ ಆ ಗೀರು ಇನ್ನೂ ಇದೆ. ಬಂದು ನೋಡಿ. ನಿಮ್ಮ ಸಮಿತಿಯ ಯಾರೂ ಬಂದು ನೋಡಿಲ್ಲ.

ಪೇದೆ ತಿರುಗಿದಾಗ ಅವನಿಗೆ ಕಂಡದ್ದು ಲಾರಿಯಲ್ಲ. ಎಣ್ಣೆ, ಮಸಿ ಮೆತ್ತಿದ ಮುಖದ ಒಬ್ಬ ಗಂಡಸು ತನ್ನ ಭುಜ ಹಿಡಿದಿರುವುದು. ಅವನ ಲಾಠಿ ಮೊದಲು ಎದ್ದಿತು, ಯೋಚನೆ ಆಮೇಲೆ ಬಂದಿರಬೇಕು. ಮೊದಲ ಏಟು ಅಣ್ಣನ ಕಿವಿಯ ಮೇಲೆ ಬಿತ್ತು. ಇಷ್ಟಕ್ಕೇ ನಿಂತಿದ್ದರೆ ನಾವು ದೂರು ಕೊಡುತ್ತಲೇ ಇರಲಿಲ್ಲ. ಹೆದರಿದವನ ಕೈ ಹಾಗೆ ಎದ್ದುಬಿಡುತ್ತದೆ ಎಂದು ಸುಮ್ಮನಾಗುತ್ತಿದ್ದೆವು. ಆದರೆ ಅಷ್ಟರಲ್ಲಿ ಇನ್ನಿಬ್ಬರು ಬಂದರು. ಅವರು ಹೆದರಿರಲಿಲ್ಲ. ಮೀಸೆಯವನು ಅಣ್ಣನ ಮೊಣಕಾಲಿನ ಹಿಂದೆ ಹೊಡೆದು ಬೀಳಿಸಿದ. ‘ಯಾಕೋ ಕೈ ಹಾಕ್ದೆ? ಯಾರು ಹೇಳಿ ಕಳ್ಸಿದ್ದು?’ ಎಂದು ಕೇಳಿದ. ಅಣ್ಣ ‘ಆಂ?’ ಅಂದ. ಮೀಸೆಯವನಿಗೆ ಅದು ಕೊಬ್ಬು ಎನ್ನಿಸಿತು. ಬೂಟಿನಿಂದ ಮುಖಕ್ಕೆ ಒದ್ದ. ಮತ್ತೆ ಅದನ್ನೇ ಕೇಳಿದ. ಮತ್ತೆ ‘ಆಂ?’. ಮತ್ತೆ ಒದ್ದ. ಅಣ್ಣ ಒಂದು ಕೈಯಲ್ಲಿ ಬಾಯಿ ಮುಚ್ಚಿಕೊಂಡು ಇನ್ನೊಂದು ಕೈಯಲ್ಲಿ ಲಾರಿಯ ಕಡೆಗೆ ತೋರಿಸುತ್ತಿದ್ದ. ತೋರಿಸುತ್ತಿದ್ದ ಕೈಯ ಮೇಲೆ ಲಾಠಿ ಬಿತ್ತು. ನಾನು ಚಕ್ರ ಬಿಟ್ಟು ಬಾಗಿಲಿಗೆ ಬಂದವಳು ಇದೆಲ್ಲವನ್ನೂ ನೋಡಿದೆ. ಲಾರಿಯ ಡ್ರೈವರ್ ‘ಅಯ್ಯೋ ಸಾರ್, ಅವನು ನಿಮ್ಮವರನ್ನೇ ಉಳ್ಸಿದ್ದು’ ಎಂದು ಕೂಗಿದ. ಅವನ ಲೈಸೆನ್ಸ್ ಕಿತ್ತುಕೊಂಡರು. ಆಮೇಲೆ ಅವನು ಏನನ್ನೂ ಕೂಗಲಿಲ್ಲ. ಇಂದಿಗೂ ಕೂಗಿಲ್ಲ.

ಅಣ್ಣನನ್ನು ಠಾಣೆಗೆ ಎಳೆದೊಯ್ದರು. ಅಲ್ಲಿ ಒಳಗೆ ನಡೆದದ್ದನ್ನು ನಾನು ನೋಡಿಲ್ಲ, ಕೇಳಿದ್ದೇನೆ. ನಾನೂ ಅತ್ತಿಗೆಯೂ ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಎದುರಿಗೆ ಮುಚ್ಚಿದ ಬಾಗಿಲು, ಪಕ್ಕದಲ್ಲಿ ಕುಡಿಯುವ ನೀರಿನ ಡ್ರಮ್ಮು, ಗೋಡೆಯ ಮೇಲೆ ‘ಜನಸ್ನೇಹಿ ಠಾಣೆ’ ಎಂಬ ಬೋರ್ಡು. ಒಳಗಿನಿಂದ ಒಂದು ಪ್ರಶ್ನೆ ಕೇಳಿಸುತ್ತಿತ್ತು. ಆಮೇಲೆ ಅಣ್ಣನ ‘ಆಂ?’. ಆಮೇಲೆ ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದ ಹಾಗೆ ಒಂದು ಸದ್ದು. ಮತ್ತೆ ಪ್ರಶ್ನೆ. ಮತ್ತೆ ‘ಆಂ?’. ಕೊನೆಗೆ ಅತ್ತಿಗೆ ಎದ್ದು ಬಾಗಿಲು ಬಡಿದಳು.

‘ಸಾರ್, ಅವ್ರಿಗೆ ಕಿವಿ ಸರಿಯಾಗಿ ಕೇಳ್ಸಲ್ಲ. ಸ್ವಲ್ಪ ಜೋರಾಗಿ ಕೇಳಿ ಸಾರ್.’

ಬಾಗಿಲು ತೆರೆದ ಮೀಸೆಯವನು ಮುಖ ಒರೆಸಿಕೊಂಡು ನಕ್ಕ. ‘ಅದಕ್ಕೇ ಔಷಧಿ ಬಿಡ್ತಿದೀವಿ ಕಣಮ್ಮ. ಕೂತ್ಕೊ ಹೋಗು.’

ಹೊಡೆಯುವವರನ್ನು ಹೊಡೆಯಬೇಡಿ ಎಂದು ಕೇಳುವ ಧೈರ್ಯ ನಮಗಿರಲಿಲ್ಲ. ಜೋರಾಗಿ ಕೇಳಿ ಎಂದು ಕೇಳಿಕೊಂಡೆವು. ಹೆಂಗಸೊಬ್ಬಳು ತನ್ನ ಗಂಡನ ಪರವಾಗಿ ಅಲ್ಲಿ ಬೇಡಬಹುದಾದದ್ದು ಅಷ್ಟೇ ಆಗಿತ್ತು. ನೀವು ನಿಮ್ಮ ಭಾಷಣದಲ್ಲಿ ‘ಪೊಲೀಸರು ಮತ್ತು ಸಾರ್ವಜನಿಕರ ನಡುವೆ ಸಂವಾದ ಬೇಕು’ ಎಂದಿದ್ದಿರಂತೆ. ಇದು ಆ ಸಂವಾದ. ಪೂರ್ತಿಯಾಗಿ ಬರೆದಿದ್ದೇನೆ, ಏನನ್ನೂ ಬಿಟ್ಟಿಲ್ಲ.

ಉಳಿದದ್ದನ್ನು ಅಣ್ಣ ಜಾಮೀನಿನ ಮೇಲೆ ಮನೆಗೆ ಬಂದ ಮೇಲೆ ಹೇಳಿದ. ಯಾವ ಕೈಯಿಂದ ಮುಟ್ಟಿದೆ ಎಂದು ಸನ್ನೆಯಲ್ಲಿ ಕೇಳಿದರಂತೆ. ಸನ್ನೆ ಅವನಿಗೆ ಚೆನ್ನಾಗಿ ಅರ್ಥವಾಗುತ್ತದೆ. ಕೊನೆಗೂ ಇವರು ತಿಳಿಯುವ ಹಾಗೆ ಕೇಳಿದರಲ್ಲ ಎಂದು ಬಲಗೈ ಮುಂದೆ ಚಾಚಿದನಂತೆ. ಅದನ್ನು ಮೇಜಿನ ಅಂಚಿಗೆ ಇಟ್ಟು, ಒಬ್ಬ ಮಣಿಕಟ್ಟು ಹಿಡಿದುಕೊಂಡ, ಇನ್ನೊಬ್ಬ ಲಾಠಿಯ ತುದಿಯಿಂದ ಒಂದೊಂದೇ ಗೆಣ್ಣನ್ನು ಕುಟ್ಟಿದ. ಅವಸರವಿರಲಿಲ್ಲವಂತೆ. ನಡುವೆ ಯಾರೋ ಚಹಾ ತಂದರಂತೆ, ಕುಡಿದು ಮುಂದುವರಿಸಿದರಂತೆ. ಈಗ ಅಣ್ಣನ ಬಲಗೈ ಮುಷ್ಟಿ ಕಟ್ಟುವುದಿಲ್ಲ. ಎಡಗಿವಿಯ ತಮಟೆ ಹರಿದಿದೆ, ಬಲಗಿವಿಯಲ್ಲಿ ಉಳಿದಿದ್ದ ಅಷ್ಟಿಷ್ಟೂ ಹೋಗಿದೆ ಎಂದು ಆಸ್ಪತ್ರೆಯ ಡಾಕ್ಟರು ಹೇಳಿದ್ದಾರೆ. ಅವನೀಗ ‘ಆಂ?’ ಎನ್ನುವುದಿಲ್ಲ. ಯಾರೋ ಏನೋ ಕೇಳುತ್ತಿದ್ದಾರೆ ಎಂಬುದೇ ಅವನಿಗೆ ತಿಳಿಯುವುದಿಲ್ಲ. ಮೇಲಿಂದ ಅವನ ಮೇಲೆ ಕರ್ತವ್ಯಕ್ಕೆ ಅಡ್ಡಿ, ಹಲ್ಲೆ ಎಂದು ಪ್ರಕರಣ. ಕರ್ತವ್ಯ ಎಂದರೆ ಕುತ್ತಿಗೆ ಕತ್ತರಿಸಿಕೊಳ್ಳುವುದಾಗಿದ್ದರೆ, ಹೌದು, ಅಣ್ಣ ಅಡ್ಡಿ ಮಾಡಿದ.

ಇನ್ನು ನಿಮ್ಮ ಸಮಿತಿಯ ವಿಷಯ. ಮಡಿಸಿಟ್ಟ ಆ ಪೇಪರು ಹಿಡಿದುಕೊಂಡು ನಾವು ನಿಮ್ಮ ಕಚೇರಿ ಹುಡುಕಿಕೊಂಡು ಬಂದೆವು. ಅದು ಪೊಲೀಸ್ ಮುಖ್ಯ ಕಚೇರಿಯ ಮೇಲಿನ ಮಹಡಿಯಲ್ಲಿತ್ತು. ಅಂದರೆ ಪೊಲೀಸರ ಮೇಲೆ ದೂರು ಕೊಡಲು ಬಂದವರು ಮೊದಲು ಕೆಳಗೆ ಪೊಲೀಸರ ಬಳಿ ಹೆಸರು, ವಿಳಾಸ, ಬಂದ ಕಾರಣ ಹೇಳಿ ಒಪ್ಪಿಗೆ ಪಡೆದು ಮೆಟ್ಟಿಲು ಹತ್ತಬೇಕು. ಕುರಿಯ ದೂರನ್ನು ಮೊದಲು ತೋಳ ಓದಿ, ಪರವಾಗಿಲ್ಲ ಹೋಗು ಎಂದ ಮೇಲೆ ಒಳಗೆ ಬಿಡುವ ಈ ಏರ್ಪಾಡು ಯಾರ ತಲೆಗೆ ಹೊಳೆಯಿತೋ ತಿಳಿಯದು. ನಾಗರಿಕ ಸಮಿತಿಯಲ್ಲಿರುವ ನಾಗರಿಕರು ಯಾರು ಎಂದು ಅತ್ತಿಗೆ ಅಲ್ಲಿನ ಗುಮಾಸ್ತರನ್ನು ಕೇಳಿದಳು. ಒಬ್ಬರು ನಿವೃತ್ತ ಪೊಲೀಸ್ ಅಧಿಕಾರಿ. ಇನ್ನೊಬ್ಬರು ಪೊಲೀಸರಿಗೆ ಬೂಟು ಸರಬರಾಜು ಮಾಡುವವರು. ಅಣ್ಣನ ಮುಖದ ಮೇಲಿದ್ದ ಗುರುತನ್ನು ಅವರು ನೋಡಿದ್ದರೆ ತಮ್ಮ ಮಾಲು ಎಂದು ಹೇಳಬಹುದಿತ್ತು. ಮತ್ತೆ ನೀವು, ಪೊಲೀಸ್ ಇಲಾಖೆಯೇ ಆರಿಸಿದ ಅಧ್ಯಕ್ಷರು. ಪೊಲೀಸರನ್ನು ನೋಡಿಕೊಳ್ಳಲು ಪೊಲೀಸರೇ ಆರಿಸಿದ ಕಣ್ಣುಗಳು. ಮುಚ್ಚಿಕೊಳ್ಳುವುದು ಚೆನ್ನಾಗಿ ಬರುತ್ತದೆಯೇ ಎಂದು ನೋಡಿ ಆರಿಸಿದರೇ?

ವಿಚಾರಣೆಯ ದಿನ ಶೆಡ್ಡಿಗೆ ಬೀಗ ಹಾಕಿ ಎಲ್ಲರೂ ಬಂದೆವು. ದೊಡ್ಡಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ದಪ್ಪ ಕನ್ನಡಕಕ್ಕಾಗಿ ನಾವು ಸೋಡಾಬುಡ್ಡಿ ಎನ್ನುವವನು, ಅವನ ಪಕ್ಕದ ಯಂತ್ರದಲ್ಲಿ ದುಡಿಯುವ, ನಾವು ಕಡ್ಡಿ ಎನ್ನುವ ಸಣಕಲ, ಎಲ್ಲರೂ ಕೈ ಉಜ್ಜಿ ಉಜ್ಜಿ ತೊಳೆದು ಬಂದಿದ್ದರು. ನಮ್ಮವರಿಗೆ ಒಂದು ನಂಬಿಕೆ ಇತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಸಾಕು, ಅಧ್ಯಕ್ಷರು ದೊಡ್ಡವರು, ಅರ್ಥ ಮಾಡಿಕೊಳ್ಳುತ್ತಾರೆ. ಅಣ್ಣ ಪೇದೆಯ ಮೇಲೆ ಕೈ ಹಾಕಿದ್ದು ನಿಜವೇ ಎಂದು ನೀವು ಕೇಳಿದಿರಿ. ಬೇರೆ ಯಾರಾದರೂ ಆಗಿದ್ದರೆ ‘ನೋಡಲಿಲ್ಲ ಸಾರ್’ ಎನ್ನುತ್ತಿದ್ದರು. ನಮ್ಮವರು ಒಬ್ಬರ ಮೇಲೊಬ್ಬರು ಬಿದ್ದು ಒಪ್ಪಿಕೊಂಡರು.

‘ಹೌದು ಸಾರ್, ಹಿಂದಿನಿಂದ ಹೋಗಿ ಹಿಡ್ದ,’ ಅಂದ ಕಡ್ಡಿ.

‘ಗಟ್ಟಿಯಾಗೇ ಹಿಡ್ದ ಸಾರ್,’ ಅಂದ ಸೋಡಾಬುಡ್ಡಿ, ಅಣ್ಣನಿಗೆ ಒಳ್ಳೆಯದಾಗಲಿ ಎಂದು. ‘ಮೆತ್ತಗೆ ಹಿಡಿದ್ರೆ ಏನು ಪ್ರಯೋಜನ? ನಾನೂ ಹಾಗೇ ಹಿಡೀತೀನಿ. ದಿನಾ ಹಿಡೀತೀವಿ.’

‘ಪೊಲೀಸರನ್ನಾ?’ ಎಂದು ಬೂಟಿನವರು ಕೇಳಿದರು. ನಿಮ್ಮ ಸಾಲಿನಲ್ಲಿ ಎಲ್ಲರೂ ನಕ್ಕರು. ನಮ್ಮವರೂ ನಕ್ಕರು, ಏಕೆಂದು ತಿಳಿಯದೆ. ದೊಡ್ಡವರು ನಕ್ಕರೆ ಕೆಲಸ ಆಯಿತು ಎಂದುಕೊಂಡಿದ್ದರು ಪಾಪ. ಅಣ್ಣನ ವಿರುದ್ಧ ಪೊಲೀಸರ ಬಳಿ ತಮ್ಮವರನ್ನು ಬಿಟ್ಟರೆ ಅದುವರೆಗೆ ಒಬ್ಬ ಸಾಕ್ಷಿಯೂ ಇರಲಿಲ್ಲ. ಆ ಬೆಳಿಗ್ಗೆ ಇಡೀ ಶೆಡ್ಡು ಸಾಕ್ಷಿಯಾಯಿತು.

ಏನೋ ಎಡವಟ್ಟಾಗುತ್ತಿದೆ ಎಂದು ಮೊದಲು ತಿಳಿದದ್ದು ದೊಡ್ಡಪ್ಪನಿಗೆ. ಎದ್ದು ನಿಂತು ಕೈ ಮುಗಿದರು. ‘ಸ್ವಾಮಿ, ಬಾಯಲ್ಲಿ ಹೇಳಿದ್ರೆ ಇದು ಗೊತ್ತಾಗಲ್ಲ. ಹೆಂಗೆ ಹಿಡೀತೀವಿ ಅಂತ ತೋರಿಸ್ಲಾ?’

ನೀವು ಗಡಿಯಾರ ನೋಡಿದಿರಿ. ‘ತೋರ್ಸಿ, ತೋರ್ಸಿ, ಬೇಗ ಮುಗೀಲಿ’ ಅಂದಿರಿ.

ದೊಡ್ಡಪ್ಪ ಸುತ್ತ ನೋಡಿದರು. ಪೊಲೀಸರ ಪರವಾಗಿ ಬಂದಿದ್ದ ಠಾಣಾಧಿಕಾರಿ ಎದುರಿನ ಕುರ್ಚಿಯಲ್ಲಿ ಬೆನ್ನು ಹಾಕಿ ಕೂತಿದ್ದರು. ಅವರೂ ದೊಡ್ಡ ಮನುಷ್ಯರು, ಅವರಿಗೂ ತಿಳಿಯಲಿ ಎಂದುಕೊಂಡಿರಬೇಕು. ಹತ್ತಿರ ಹೋಗಿ, ಹೊಸಬರಿಗೆ ಕಲಿಸುವಾಗ ಇಡುವಂತೆ, ಅಂಗೈ ಬಿಚ್ಚಿ ಅವರ ಭುಜದ ಮೇಲೆ ಮೆಲ್ಲಗೆ ಇಟ್ಟರು. ‘ಇದು ಊಟಕ್ಕೆ ಕರೆಯೋದು ಸ್ವಾಮಿ’ ಅಂದರು.

ಎರಡನೆಯದನ್ನು ತೋರಿಸಲು ಆಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮೀಸೆಯವನು ಬಂದು ಲಾಠಿಯನ್ನು ಅಡ್ಡ ಹಿಡಿದು ದೊಡ್ಡಪ್ಪನ ಬಾಯಿಗೆ ಗುದ್ದಿದ. ಹಲ್ಲು ಹೋದದ್ದು ಆಗ. ದೊಡ್ಡಪ್ಪ ಬೀಳುವಾಗಲೂ ಅವರ ಕೈ ಹಾಗೇ ಬಿಚ್ಚಿಕೊಂಡೇ ಇತ್ತು, ಇನ್ನೂ ಏನೋ ತೋರಿಸುವುದಿದೆ ಎಂಬಂತೆ. ಬಿದ್ದವರ ಪಕ್ಕೆಗೆ ಒದ್ದ. ಏಳಲು ಹೋದಾಗ ಬೆನ್ನಿಗೆ ಹೊಡೆದ. ಅಂಗಿ ಹರಿಯಿತು. ಠಾಣಾಧಿಕಾರಿ ತಮ್ಮ ಭುಜವನ್ನು ಕರವಸ್ತ್ರದಿಂದ ಒರೆಸಿಕೊಂಡರು. ನೀವು ಮೇಜು ತಟ್ಟಿ, ‘ಶಾಂತವಾಗಿರಿ, ಎಲ್ಲರೂ ಶಾಂತವಾಗಿರಿ’ ಅಂದಿರಿ. ಯಾರಿಗೆ ಹೇಳಿದಿರಿ? ಆ ಕೊಠಡಿಯಲ್ಲಿ ಗಲಾಟೆ ಮಾಡುತ್ತಿದ್ದುದು ಒಂದೇ ಒಂದು ಲಾಠಿ. ದೊಡ್ಡಪ್ಪನನ್ನು ಕಾಲರು ಹಿಡಿದು ಮೆಟ್ಟಿಲಿನಿಂದ ಕೆಳಕ್ಕೆ ಎಳೆದುಕೊಂಡು ಹೋದರು. ಒಂದೊಂದು ಮೆಟ್ಟಿಲಿಗೂ ಅವರ ಮೊಣಕಾಲು ಬಡಿಯುವ ಸದ್ದು ಮೇಲಕ್ಕೆ ಕೇಳಿಸಿತು. ನಿಮ್ಮ ಕಚೇರಿ ಪೊಲೀಸರ ತಲೆಯ ಮೇಲೇ ಇರುವುದರ ಅನುಕೂಲ ನನಗೆ ಆಗ ತಿಳಿಯಿತು.

ಅದೇ ಸಂಜೆ ಅಣ್ಣನ ದೂರನ್ನು ಮುಕ್ತಾಯ ಮಾಡಿದಿರಿ. ಕಾರಣ: ಪೊಲೀಸರು ದೈಹಿಕ ಬಲ ಪ್ರಯೋಗಿಸಿದರು ಎಂಬುದಕ್ಕೆ ಸ್ವತಂತ್ರ ಪ್ರತ್ಯಕ್ಷ ಸಾಕ್ಷಿ ಇಲ್ಲ. ಈ ಮಾತನ್ನು ನಾನು ಎಷ್ಟು ಸಲ ಓದಿದರೂ ತಲೆಗೆ ಹತ್ತುತ್ತಿಲ್ಲ. ತಂಗಿಯ ಮಾತು ನಡೆಯುವುದಿಲ್ಲ, ಸಂಬಂಧಿ. ಶೆಡ್ಡಿನವರ ಮಾತು ನಡೆಯುವುದಿಲ್ಲ, ಜೊತೆ ಕೆಲಸಗಾರರು. ಡ್ರೈವರನ ಮಾತು ನಡೆಯುವುದಿಲ್ಲ, ಅವನಿಗೆ ಬಾಯೇ ಇಲ್ಲ. ಸರಿ, ಒಪ್ಪಿದೆವು. ನಮ್ಮ ಪೈಕಿಯಲ್ಲದ, ವಿದ್ಯಾವಂತರಾದ, ಸಮಾಜದಲ್ಲಿ ಗೌರವವಿರುವ ಒಬ್ಬರ ಕಣ್ಣಿಗೆ ಅದೇ ಮೀಸೆಯವನು, ಅದೇ ಲಾಠಿಯಿಂದ, ಅದೇ ತಪ್ಪಿಗಾಗಿ ಒಬ್ಬರನ್ನು ಹೊಡೆಯುವುದು ಬಿತ್ತು. ಅವರು ನೀವು. ನೀವು ಹುಡುಕುತ್ತಿದ್ದ ಸಾಕ್ಷಿ ನಿಮ್ಮ ಕುರ್ಚಿಯಲ್ಲೇ ಕೂತಿದ್ದರು. ಸಾಕ್ಷಿ ಇಲ್ಲ ಎಂದು ಬರೆದು ಸಹಿ ಹಾಕಿದ ಕೈಯೇ ಆ ಸಾಕ್ಷಿಯ ಕೈ.

ಪೊಲೀಸರ ಕೆಲಸ ಕಷ್ಟದ್ದು, ಅವರ ಕೈ ಕಟ್ಟಿಹಾಕಬಾರದು ಎಂದು ನೀವು ಹೇಳುವಿರಿ. ಕಷ್ಟದ್ದೇ. ಯಾರ ಕೈಯಲ್ಲೇ ಆಗಲಿ ಒಂದು ಯಂತ್ರ ಕೊಟ್ಟರೆ ಅದಕ್ಕೊಂದು ತಡೆ ಇರಬೇಕು, ತಡೆ ಹಾಕುವವನು ಯಂತ್ರಕ್ಕಿಂತ ಬೇರೆಯವನಾಗಿರಬೇಕು, ಅಷ್ಟೇ ನಾವು ಕೇಳುವುದು. ಅಣ್ಣ ಉಳಿಸಿದ ಆ ಹೊಸ ಪೇದೆಯನ್ನು ನಾನು ಈಗಲೂ ಓಣಿಯ ಬಾಯಲ್ಲಿ ನೋಡುತ್ತೇನೆ. ಅವನು ಇನ್ನು ರಸ್ತೆಗೆ ಬೆನ್ನು ಹಾಕಿ ನಿಲ್ಲುವುದಿಲ್ಲ. ಗೀರು ಬಿದ್ದ ಆ ಗೋಡೆಗೇ ಬೆನ್ನು ಒತ್ತಿಕೊಂಡು ನಿಲ್ಲುತ್ತಾನೆ. ನಾನು ಹಾದುಹೋದರೆ ನೆಲ ನೋಡುತ್ತಾನೆ. ನೀವು ಅವನನ್ನು ಒಮ್ಮೆಯೂ ವಿಚಾರಣೆಗೆ ಕರೆಯಲಿಲ್ಲ. ಹಿರಿಯರು ಪಕ್ಕದಲ್ಲಿ ಇಲ್ಲದ ಕೋಣೆಯಲ್ಲಿ ಕೂರಿಸಿ, ಲಾರಿ ನೋಡಿದೆಯಾ ಎಂದು ಕೇಳಿದ್ದರೆ ಏನು ಹೇಳುತ್ತಿದ್ದನೋ. ಅವನಿಗೂ ನಿಮ್ಮ ಸಮಿತಿ ಬೇಕಾಗಿತ್ತು ಎಂದು ನನಗೆ ಅನ್ನಿಸುತ್ತದೆ.

ನಮ್ಮ ಶೆಡ್ಡಿನ ಸುದ್ದಿಯನ್ನೂ ಹೇಳಿಬಿಡುತ್ತೇನೆ. ದೊಡ್ಡಪ್ಪ ಜೈಲಿಗೆ ಹೋದ ಮೇಲೆ ಅಲ್ಲಿ ಯಾರೂ ಯಾರ ಭುಜವನ್ನೂ ಮುಟ್ಟುತ್ತಿಲ್ಲ. ಹಾಗೆಂದು ಯಾರೂ ಹೇಳಿಲ್ಲ, ತಾನಾಗಿ ನಿಂತುಹೋಗಿದೆ. ಊಟದ ಹೊತ್ತಿಗೆ ಎದುರಿಗೆ ಬಂದು ನಿಂತು, ಕಣ್ಣಿಗೆ ಬೀಳುವವರೆಗೆ ಕಾಯುತ್ತಾರೆ. ಕಳೆದ ವಾರ ಸೋಡಾಬುಡ್ಡಿಯ ಕನ್ನಡಕ ಬೆವರಿಗೆ ಜಾರಿತು. ಅದನ್ನು ಹಿಡಿಯಲು ಹೋಗಿ ಒತ್ತುವ ಯಂತ್ರದ ಕೆಳಗೆ ಕೈ ಇಟ್ಟದ್ದು ಅವನಿಗೆ ತಿಳಿಯಲಿಲ್ಲ. ಕಡ್ಡಿ ಅವನ ಹಿಂದೆಯೇ ಇದ್ದ, ನೋಡಿದ. ಅವನ ಕೈ ಸೋಡಾಬುಡ್ಡಿಯ ಭುಜದವರೆಗೆ ಹೋಯಿತು. ನಾನು ನನ್ನ ಚಕ್ರದಿಂದ ನೋಡುತ್ತಿದ್ದೆ. ಭುಜದವರೆಗೆ ಹೋದ ಕೈ ಗಾಳಿಯಲ್ಲಿ ನಿಂತುಬಿಟ್ಟಿತು. ಎಷ್ಟು ಹೊತ್ತು ಎಂದರೆ ಒಂದು ಉಸಿರಿನಷ್ಟೂ ಇಲ್ಲ. ಯಂತ್ರ ಕೆಳಗಿಳಿಯಿತು. ಬಕೆಟ್ಟಿನ ತಳ ಒತ್ತುವ ಅಚ್ಚಿನಲ್ಲಿ ಸೋಡಾಬುಡ್ಡಿಯ ಮೂರು ಬೆರಳು ಚಪ್ಪಟೆಯಾದವು. ಯಂತ್ರ ಮೇಲೆದ್ದಾಗ ತಗಡಿನ ಮೇಲೆ ಚರ್ಮ ಅಂಟಿಕೊಂಡಿತ್ತು. ಸೋಡಾಬುಡ್ಡಿ ಕೂಗಿದ್ದು ನಮಗೆ ಯಾರಿಗೂ ಕೇಳಿಸಲಿಲ್ಲ, ಬಾಯಿ ತೆರೆದದ್ದು ಮಾತ್ರ ಕಂಡಿತು.

ಕಡ್ಡಿ ಅಂದಿನಿಂದ ಕೆಲಸಕ್ಕೆ ಬಂದಿಲ್ಲ. ಅವನ ಮನೆಗೆ ಹೋದಾಗ, ‘ಕೈ ಹೋಗ್ಲಿಲ್ಲ ಕಣೇ ತಂಗಿ’ ಅಂದ. ‘ನಿಮ್ಮಣ್ಣನ ಕೈ ನೆನಪಾಗ್ಬಿಡ್ತು.’

ಈ ಬೆರಳುಗಳು ಯಾರ ಲೆಕ್ಕಕ್ಕೆ ಸೇರುತ್ತವೆ ಎಂದು ನಾನು ನಿಮ್ಮನ್ನು ಕೇಳುತ್ತಿದ್ದೇನೆ. ಯಾವ ಪೊಲೀಸನೂ ಅವನ್ನು ಮುಟ್ಟಲಿಲ್ಲ. ನಮ್ಮ ಶೆಡ್ಡಿನೊಳಗೆ ಲಾಠಿ ಬರಲೇ ಇಲ್ಲ. ಆದರೂ ಬಂದಿತ್ತು.

ಇನ್ನು ನನ್ನ ಬೇಡಿಕೆ. ಮುಂದಿನ ಸೋಮವಾರ ದೊಡ್ಡಪ್ಪನ ಪ್ರಕರಣ ನ್ಯಾಯಾಲಯದ ಮುಂದೆ ಬರುತ್ತದೆ. ಅವರ ವಕೀಲರು ನಿಮ್ಮ ಹೆಸರನ್ನು ಸಾಕ್ಷಿಯಾಗಿ ಕೊಟ್ಟಿದ್ದಾರೆ. ಅನಾರೋಗ್ಯ, ಪ್ರವಾಸ, ಸಭೆ ಎಂದು ಹೇಳಿ ಕಳಿಸಬೇಡಿ. ಬನ್ನಿ. ಕಟಕಟೆಯಲ್ಲಿ ನಿಂತು, ‘ತೋರಿಸಿ ಎಂದು ನಾನೇ ಹೇಳಿದೆ, ಅವರು ಅಂಗೈ ಇಟ್ಟರು, ಪೊಲೀಸ್ ಹೊಡೆದ’ ಎಂದು ಹೇಳಿ. ಇಷ್ಟು ಹೇಳಲು ಉಸಿರೂ ಹೆಚ್ಚು ಬೇಕಾಗುವುದಿಲ್ಲ. ನೀವು ಹೇಳಿದರೆ ದೊಡ್ಡಪ್ಪ ಅದೇ ದಿನ ಮನೆಗೆ ಬರುತ್ತಾರೆ, ಅಣ್ಣನ ದೂರನ್ನು ಮತ್ತೆ ತೆರೆಯದೆ ಇರಲು ನಿಮಗೇ ಕಾರಣ ಉಳಿಯುವುದಿಲ್ಲ. ಅಣ್ಣನ ಮೇಲಿನ ಪ್ರಕರಣವೂ ಬೀಳುತ್ತದೆ. ನೀವು ಹೇಳದಿದ್ದರೆ ಅವರಿಬ್ಬರೂ ಶಿಕ್ಷೆ ಅನುಭವಿಸುತ್ತಾರೆ. ಆಮೇಲೆ ಸಮಿತಿಯನ್ನು ಆ ಮಹಡಿಯಿಂದ ಇಳಿಸಿ, ಪೊಲೀಸರ ಬಾಗಿಲು ದಾಟದೆ ಬರಬಹುದಾದ ಒಂದು ಮನೆಯಲ್ಲಿಡಿ. ಸದಸ್ಯರನ್ನು ಇಲಾಖೆ ಆರಿಸದಿರಲಿ. ಠಾಣೆಗೆ ಹೇಳದೆ ಕೇಳದೆ ಹೋಗಿ ನೋಡುವ ಹಕ್ಕು ಅವರಿಗಿರಲಿ. ಇವೆಲ್ಲ ದೊಡ್ಡ ಮಾತುಗಳು, ತಿಳಿದವರು ಇನ್ನೂ ಚೆನ್ನಾಗಿ ಬರೆಯಬಲ್ಲರು. ನಾನು ಸೋಮವಾರದ ಮಾತನ್ನಷ್ಟೇ ಗಟ್ಟಿಯಾಗಿ ಕೇಳುತ್ತಿದ್ದೇನೆ.

ಆ ದಿನ ನಾನು ನ್ಯಾಯಾಲಯದ ಬಾಗಿಲ ಬಳಿ ಇರುತ್ತೇನೆ. ಅಣ್ಣನೂ ಬರುತ್ತಾನೆ. ನೀವು ನಿಮ್ಮವರ ಜೊತೆ ಮಾತನಾಡುತ್ತ, ನಮಗೆ ಬೆನ್ನು ಹಾಕಿ ನಡೆದು ಹೋಗುತ್ತಿರಬಹುದು. ಸಾಕ್ಷಿ ಹೇಳುವ ಕೋಣೆಯ ಬದಲು ಬೇರೆ ಕಡೆಗೆ ತಿರುಗಲೂಬಹುದು. ನಿಮ್ಮನ್ನು ಕೂಗಿ ಕರೆಯಲು ನನಗೆ ಬರುವುದಿಲ್ಲ. ನಾಲ್ಕು ಜನರೆದುರು ನನಗೆ ದನಿ ಏಳುವುದಿಲ್ಲ, ಏಳುವುದಾಗಿದ್ದರೆ ನಿಮ್ಮ ಕೋಣೆಯಲ್ಲೇ ಏಳುತ್ತಿತ್ತು. ಅಣ್ಣನಿಗಂತೂ ತನ್ನ ಕೂಗೇ ತನಗೆ ಕೇಳಿಸುವುದಿಲ್ಲ. ಆದ್ದರಿಂದ ನಿಮ್ಮ ಬೆಂಗಾವಲಿನವರಿಗೆ ಈಗಲೇ ಹೇಳಿಡಿ. ಹಿಂದಿನಿಂದ ಒಂದು ಕೈ ನಿಮ್ಮ ಭುಜದ ಮೇಲೆ ಬರುತ್ತದೆ. ಅದರ ಬೆರಳುಗಳು ಪೂರ್ತಿ ಮಡಚುವುದಿಲ್ಲ, ಹಾಗಾಗಿ ಹಿಡಿತ ಅಷ್ಟು ಬಿಗಿಯಾಗಿರಲಾರದು. ಲಾಠಿ ಎತ್ತುವ ಮೊದಲು, ಒಂದೇ ಒಂದು ಸಲ, ತಿರುಗಿ ಯಾರೆಂದು ನೋಡಿ.

ಇಂತಿ,
ಆ ಬೆಳಿಗ್ಗೆ ನಿಮ್ಮ ಕೊಠಡಿಯ ಕೊನೆಯ ಸಾಲಿನಲ್ಲಿ ಕೂತು, ಎಲ್ಲವನ್ನೂ ನೋಡಿ, ಬಾಯಿ ತೆರೆಯಲಾಗದೆ ಮನೆಗೆ ಬಂದು ಬರೆಯಲು ಕೂತ
ಪಾಲಿಶ್ ಚಕ್ರದ ಹುಡುಗಿ